ಸೈಬರ್ ಪಾಠ ಮೊದಲು ಸ್ಟಾಫ್ ರೂಮಿಗೆ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಸೈಬರ್ ಜಾಗೃತಿ ಎಂದರೆ ವರ್ಷಕ್ಕೊಮ್ಮೆ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ಒಂದು ಗಂಟೆ ಹೆದರಿಸುವುದು ಎಂದಾಗಿಬಿಟ್ಟಿದೆ. ಅದೇ ಹೊತ್ತಿಗೆ ಕಚೇರಿ ಕಂಪ್ಯೂಟರಿನ ಪಾಸ್‌ವರ್ಡ್ ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ. ಅಂಕಪಟ್ಟಿ, ಪೋಷಕರ ಫೋನ್ ಸಂಖ್ಯೆ, ಮಕ್ಕಳ ಆರೋಗ್ಯದ ವಿವರ ಎಲ್ಲ ಇರುವುದು ಆ ಕಂಪ್ಯೂಟರಿನಲ್ಲೇ.

2024ರ ಡಿಸೆಂಬರ್‌ನಲ್ಲಿ ಉತ್ತರ ಅಮೆರಿಕದ ಶಾಲೆಗಳ ದಾಖಲೆ ನಿರ್ವಹಿಸುವ ಪವರ್‌ಸ್ಕೂಲ್‌ಗೆ ಕಳ್ಳರು ನುಗ್ಗಿದ್ದು ಕದ್ದ ಲಾಗಿನ್ ಹಿಡಿದುಕೊಂಡು. ಕದ್ದ ಮಾಹಿತಿ ಹೊರಬೀಳದಿರಲೆಂದು ಸಂಸ್ಥೆ ಹಣ ತೆತ್ತಿತು. ಆದರೂ ಮರುವರ್ಷ ಮೇ ತಿಂಗಳಲ್ಲಿ ಅದೇ ಮಾಹಿತಿ ಮುಂದಿಟ್ಟು ಶಾಲೆಗಳಿಗೇ ಬೆದರಿಕೆ ಬಂತು.

ಹಾಗಾಗಿ ಒಂದೇ ಖಾತೆಯನ್ನು ಹಲವರು ಹಂಚಿಕೊಳ್ಳದೆ, ಒಬ್ಬೊಬ್ಬರಿಗೂ ಅವರದೇ ಖಾತೆ ಇರಲಿ. ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಮುಚ್ಚಬೇಕು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂಬ ಒತ್ತಾಯ ಬೇಡ. ಜನ ಹಳೆಯದರ ಬಾಲಕ್ಕೆ 1, 2, 3 ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಈ ಪದ್ಧತಿ ಬೇಡವೆಂದಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ಉದ್ದವೂ ಆಯಿತು, ನೆನಪೂ ಉಳಿಯಿತು. ಇಮೇಲ್‌ಗೆ ಮತ್ತು ಹಣದ ವ್ಯವಹಾರದ ಖಾತೆಗೆ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್‌ನಂಥ ಇನ್ನೊಂದು ಪುರಾವೆ) ಕಡ್ಡಾಯವಾಗಲಿ. ಪ್ರೊಜೆಕ್ಟರ್ ಹಚ್ಚಿಟ್ಟು ಲಾಗಿನ್ ಆಗುವ ಶಿಕ್ಷಕರಿಗೆ ಇನ್ನೊಂದು ಮಾತು: ಬೆರಳು ಯಾವ ಕೀಲಿ ಮೇಲೆ ಬಿತ್ತೆಂಬುದು ಮೊದಲ ಬೆಂಚಿನವರಿಗೆ ಬಾಯಿಪಾಠವಾಗಿರುತ್ತದೆ.

ಮೋಸದ ಮೇಲ್ ಗುರುತಿಸಲು ಕಾಗುಣಿತದ ತಪ್ಪು ಹುಡುಕಿ ಎಂದು ಈಗಲೂ ಕಲಿಸುತ್ತಾರೆ. ಎಐ ಬಂದ ಮೇಲೆ ವಂಚಕರ ಭಾಷೆ ನಮ್ಮ ಸುತ್ತೋಲೆಗಳಿಗಿಂತ ಚೆನ್ನಾಗಿದೆ! ನೋಡಬೇಕಾದದ್ದು ವಿಳಾಸವನ್ನು. ಮುಖ್ಯೋಪಾಧ್ಯಾಯರ ಹೆಸರು ಕಂಡಾಕ್ಷಣ ನಂಬದೆ, ಹೆಸರಿನ ಮೇಲೆ ಒತ್ತಿ ಹಿಂದಿರುವ ಮೇಲ್ ಐಡಿ ಓದಿ. ಲಿಂಕಿನಲ್ಲಿ ಆರಂಭದ ಜೋಡಿ ಓರೆಗೆರೆ (//) ದಾಟಿ, ಮುಂದಿನ ಒಂಟಿ ಓರೆಗೆರೆಯವರೆಗೆ (/) ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ: ಅದಕ್ಕೆ ಅಂಟಿಕೊಂಡ, ಚುಕ್ಕಿಗಳಿಂದ ಬೇರ್ಪಟ್ಟ ಕೊನೆಯ ಎರಡು ಮೂರು ತುಣುಕುಗಳೇ ನಿಜವಾದ ಒಡೆಯನ ಹೆಸರು. ಶಾಲೆಯ ಹೆಸರು ವಿಳಾಸದ ಆರಂಭದಲ್ಲಷ್ಟೇ ಇದ್ದರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ, ಅಲ್ಲಿ ಯಾರು ಏನನ್ನಾದರೂ ಬರೆದುಕೊಳ್ಳಬಹುದು. ‘ತುರ್ತು ಹಣ ಕಳಿಸಿ’, ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಸಂದೇಶ ಬಂದರೆ ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ಕೇಳಬೇಕು. ಆ ಸಂದೇಶದಲ್ಲೇ ಕೊಟ್ಟ ಸಂಖ್ಯೆಗಲ್ಲ.

ಇಷ್ಟಾದರೂ ಯಾರೋ ಒಬ್ಬರು ಮೋಸದ ಲಿಂಕ್ ಒತ್ತಿಯೇ ಒತ್ತುತ್ತಾರೆ. ಆಗ ಬೈಗುಳ ಬಿದ್ದರೆ ಮುಂದಿನ ಬಾರಿ ಒತ್ತಿದವರು ಬಾಯಿ ಬಿಡುವುದಿಲ್ಲ, ಕಳ್ಳನಿಗೆ ಬೇಕಿರುವುದೂ ಅಷ್ಟೇ ಸಮಯ. ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಬೇರೆ ಸಾಧನದಿಂದ ಅದನ್ನು ಬದಲಿಸಿ, ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ. ಆಮೇಲೆ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ಹೆಚ್ಚಿನವರು ಮರೆಯುವುದು ಇದನ್ನೇ. ಬಂದ ಮೇಲ್‌ಗಳ ಪ್ರತಿ ತನಗೂ ತಲುಪುವಂತೆ ಕಳ್ಳ ಅಲ್ಲಿ ಸಾಲೊಂದನ್ನು ಸೇರಿಸಿದ್ದರೆ, ಪಾಸ್‌ವರ್ಡ್ ಬದಲಿಸಿಯೂ ಪ್ರಯೋಜನವಿಲ್ಲ. ಅನುಮಾನದ ಫೈಲ್ ತೆರೆದಿದ್ದರೆ ವೈಫೈ, ಕೇಬಲ್ ಎರಡನ್ನೂ ತಕ್ಷಣ ಕಿತ್ತುಹಾಕಿ.

ಮಕ್ಕಳ ಲೋಕದ ತೊಂದರೆ ಬೇರೆ. ಅವರಿಗೆ ಪಾಸ್‌ವರ್ಡ್ ಹಂಚುವುದು ಗೆಳೆತನದ ಗುರುತು. ಗೆಳೆತನ ಮುರಿದ ದಿನ ಅದೇ ಆಯುಧ. ಶಾಲೆಯ ಜಾಲವನ್ನು ಕೆದಕುವ ಕುತೂಹಲದ ಹುಡುಗ ಹುಡುಗಿಯರನ್ನು ಬರೀ ಗದರಿಸಬೇಡಿ, ಮುಖ್ಯ ಜಾಲಕ್ಕೆ ಸೇರದ ಎರಡು ಹಳೆಯ ಕಂಪ್ಯೂಟರ್ ಕೊಟ್ಟು ಅಲ್ಲಿ ಪ್ರಯೋಗ ಮಾಡಲು ಬಿಡಿ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗದಿರಲು ದಾಖಲೆಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಶಾಲೆಯ ಹೊರಗೆ ಇರಲಿ. ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುವ ಹಾರ್ಡ್ ಡಿಸ್ಕ್ ಬ್ಯಾಕಪ್ ಅಲ್ಲ. ಫೈಲ್‌ಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ಹಳೆಯ ಹಾಜರಿ ಪಟ್ಟಿಯನ್ನು ಬ್ಯಾಕಪ್ ಪ್ರತಿಯಿಂದ ಮರಳಿ ತೆಗೆದು, ತೆರೆದು ನೋಡಿ.

– ಒಬ್ಬ ಕಂಪ್ಯೂಟರ್ ಶಿಕ್ಷಕ