ರಫಿನ್ ಬಗ್ಗೆ ಬರೆಯುವ ಮುನ್ನ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ವರ್ಜೀನಿಯಾದ ಎಡ್ಮಂಡ್ ರಫಿನ್ ಕುರಿತ ನಿನ್ನ ಪ್ರಬಂಧದ ಮೊದಲ ಪುಟಗಳನ್ನು ಓದಿದೆ. ಅಮೆರಿಕದ ಮಣ್ಣುವಿಜ್ಞಾನದ ಪಿತಾಮಹ ಎಂದು ಕೊಂಡಾಡಿದ್ದೀಯೆ. ಹೊಗಳಿಕೆಗೆ ಆತ ಅರ್ಹನೇ. ಜೇಮ್ಸ್ ನದಿಯ ದಂಡೆಯ ಕಾಗಿನ್ಸ್ ಪಾಯಿಂಟ್ ಜಮೀನು 1813ರಲ್ಲಿ ಅವನ ಕೈಗೆ ಬಂದಾಗ ಇಪ್ಪತ್ತು ತುಂಬಿರಲಿಲ್ಲ. ಮಣ್ಣು ಸೋತು ಸುಣ್ಣವಾಗಿತ್ತು, ನೆರೆಹೊರೆಯವರು ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೊರಟಿದ್ದರು. ಎಷ್ಟು ಗೊಬ್ಬರ ಸುರಿದರೂ ನೆಲ ಏಳಲಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿಯ ಕೃಷಿ ರಸಾಯನಶಾಸ್ತ್ರದ ಪುಸ್ತಕ ಓದಿದವನು ತನ್ನ ಮಣ್ಣಿನ ಮೇಲೆ ಆಮ್ಲ ಹನಿಸಿ ನೋಡಿದ. ಸುಣ್ಣದಂಶವಿದ್ದರೆ ನೊರೆಯೇಳಬೇಕು, ಏಳಲಿಲ್ಲ. ಬಡವಾದ ಹೊಲದಲ್ಲೆಲ್ಲ ಪೈನ್ ಮರ, ಹುಳಿ ರುಚಿಯ ಸಾರೆಲ್ ಕಳೆ. ರೋಗ ಹುಳಿಯದು ಎಂದು ಊಹಿಸಿ, ಹುಳಿ ಕಳೆಯುವ ಸುಣ್ಣದಂಶವಿದ್ದ, ನೆಲದಡಿಯ ಕಪ್ಪೆಚಿಪ್ಪಿನ ಪುಡಿಮಣ್ಣನ್ನು, ಅಂದರೆ ಮಾರ್ಲನ್ನು, 1818ರಲ್ಲಿ ಅಗೆಸಿ ಹರಡಿಸಿದ. ಅಲ್ಲಿ ಮೆಕ್ಕೆಜೋಳದ ಫಸಲು ಸುಮಾರು ಶೇ. 40ರಷ್ಟು ಹೆಚ್ಚಿತು. ತೋಟಕ್ಕೆ ಸುಣ್ಣ ಹಾಕುವ ನಮಗೆ ಆ ಸಂತೋಷ ಗೊತ್ತು.

‘ಅಗೆಸಿ’ ಎಂದೆನಲ್ಲ, ನಿನ್ನ ಬರಹದಲ್ಲಿ ಇಲ್ಲದ್ದು ಅದೇ. ನೀರು ಒಸರುವ ಗುಂಡಿಗಿಳಿದು ಮಣ್ಣನ್ನು ಮೇಲೆತ್ತಿ ಗಾಡಿಗೆ ತುಂಬಿದವರು ಅವನ ಗುಲಾಮರಾದ ಕಪ್ಪು ಜನ. ‘ರಫಿನ್ ಮಾರ್ಲ್ ಹರಡಿದ’ ಎಂದು ನೀನು ನಾಲ್ಕು ಕಡೆ ಬರೆದಿದ್ದೀಯೆ. ಮಣ್ಣಿನ ಹುಳಿ ಕಂಡ ಕಣ್ಣಿಗೆ ಆ ಜನ ಮನುಷ್ಯರಾಗಿ ಕಾಣಲಿಲ್ಲ. ಗುಲಾಮಗಿರಿಯೇ ಸರಿಯೆಂದು ಕಿರುಹೊತ್ತಗೆಗಳನ್ನೂ ಅಚ್ಚುಹಾಕಿಸಿದ. ಕಾಲವೇ ಹಾಗಿತ್ತು ಎಂದು ಜಾರಿಕೊಳ್ಳಬೇಡ. ಆ ಕಾಲದಲ್ಲೇ ಅದನ್ನು ವಿರೋಧಿಸಿದವರೂ ಇದ್ದರು.

ಅವನ ರಾಜಕೀಯದ ಮಾತು ನಿನಗೆ ಬೇರೆ ಕಾರಣಕ್ಕೆ ಹೇಳಬೇಕು. 1823ರಲ್ಲಿ ರಾಜ್ಯದ ಸೆನೆಟ್‌ಗೆ ಆಯ್ಕೆಯಾದವನು ಅವಧಿ ಮುಗಿಯುವ ಮೊದಲೇ, 1826ರಲ್ಲಿ, ಬಿಟ್ಟು ಬಂದ. ಮತ ಕೇಳಲು, ರಾಜಿಯಾಗಲು ಒಗ್ಗದ ಜೀವ. 1833ರಲ್ಲಿ ಆರಂಭಿಸಿದ ‘ಫಾರ್ಮರ್ಸ್ ರಿಜಿಸ್ಟರ್’ ಒಳ್ಳೆಯ ಪತ್ರಿಕೆ. ಕೃಷಿಯ ನಡುವೆ ಬ್ಯಾಂಕುಗಳ ಮೇಲಿನ ಸಿಟ್ಟನ್ನು ಸುರಿಯತೊಡಗಿದ, ಚಂದಾದಾರರು ಕಳಚಿಕೊಂಡರು, 1842ಕ್ಕೆ ನಿಂತಿತು. ನಿನ್ನ ಸಲಹೆ ವಿಭಾಗದ ಸಭೆಯಲ್ಲಿ ನಡೆಯಲಿಲ್ಲವೆಂದು ನೀನೂ ಮುಖ ಊದಿಸಿಕೊಂಡು ಹೊರಬಂದೆಯಂತೆ, ನಿನ್ನ ತಾಯಿ ಹೇಳಿದಳು. ಮುಂದಿನ ಸಭೆಗೆ ಹೋಗು. ಕೂತು ಕೇಳು, ಆಮೇಲೆ ಮಾತಾಡು.

ರಫಿನ್‌ನ ಸಿಟ್ಟು ವಯಸ್ಸಿನೊಂದಿಗೆ ಮಾಗಲಿಲ್ಲ. 67ರ ಮುದುಕ 1861ರ ಏಪ್ರಿಲ್‌ನಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಹೂಡಿದ ಅಂತರ್ಯುದ್ಧದ ಆರಂಭದಲ್ಲೇ, ಒಕ್ಕೂಟ ಸರ್ಕಾರದ ಕೋಟೆ ಫೋರ್ಟ್ ಸಮ್ಟರ್ ಮೇಲೆ ಫಿರಂಗಿ ಹಾರಿಸಿದ. ದಕ್ಷಿಣ ಸೋತ ಮೇಲೆ, 1865ರ ಜೂನ್‌ನಲ್ಲಿ, ತನ್ನ ಪ್ರಾಣ ತಾನೇ ತೆಗೆದುಕೊಂಡ. ಇವನ್ನು ಅಡಿಟಿಪ್ಪಣಿಗೆ ತಳ್ಳಬೇಡ, ಸುಣ್ಣದ ಪ್ರಯೋಗದ ಪಕ್ಕದಲ್ಲೇ ಇರಿಸು. ಆ ‘ಹರಡಿದ’ ಎಂಬ ನಾಲ್ಕು ವಾಕ್ಯಗಳನ್ನು ತಿದ್ದಿ, ಕರಡನ್ನು ಮತ್ತೊಮ್ಮೆ ಕಳುಹಿಸು.

ಇತಿ,
ನಿನ್ನ ದೊಡ್ಡಪ್ಪ