ಮನೆ ಉಳಿಯಿತು

ಹೋದ ವಾರ ಕೋರ್ಟಿನ ಕಾಗದ ಬಂತು. ಮನೆ ಖಾಲಿ ಮಾಡಿಸಲು ನಮ್ಮ ಮೇಲೆ ಹಾಕಿದ್ದ ಕೇಸನ್ನು ಮಾಲೀಕರು ವಾಪಸ್ ತೆಗೆದುಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಇದೇ ಮನೆಯಲ್ಲೇ ಇದ್ದೇವೆ, ಮಕ್ಕಳು ಅದೇ ಸ್ಕೂಲಿಗೆ ಹೋಗುತ್ತಿದ್ದಾರೆ. ನಮ್ಮ ಯಜಮಾನರ ಕೆಲಸ, ಆಸ್ಪತ್ರೆ, ಬಾಡಿಗೆ ಬಾಕಿ, ಆ ಕಥೆಯೆಲ್ಲ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇದೆ.

ಊಟ ಕಳಿಸಿದವರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟವರು, ಕೇಳದೆಯೇ ಕೈಗೆ ದುಡ್ಡಿಟ್ಟವರು, ಊರಿಂದ ದಿನಾ ಫೋನ್ ಮಾಡಿದ ಅಕ್ಕ, ಎಲ್ಲರಿಗೂ ಕೈ ಮುಗಿಯುತ್ತೇನೆ. ಬೇಜಾರು ಮಾಡ್ಕೋಬೇಡಿ, ಇನ್ನು ಬರೆಯುವುದೆಲ್ಲ ಒಬ್ಬರ ಬಗ್ಗೆಯೇ. ನಮ್ಮ ಕೇಸ್ ಮ್ಯಾನೇಜರ್, ಅಂದರೆ ಕಷ್ಟದಲ್ಲಿರುವ ಮನೆಯವರಿಗೆ ಬೇಕಾದ ಸಹಾಯ ಕೊಡಿಸುವ ಸಂಸ್ಥೆಯವರು. ಹೆಸರು ಹಾಕಬೇಡಿ ಅಂದಿದ್ದಾರೆ.

ಯಾವ ಸಹಾಯ ಎಲ್ಲಿ ಸಿಗುತ್ತದೆ ಅಂತ ಹೇಳುವ 211 ಸಹಾಯವಾಣಿಗೆ ಫೋನ್ ಮಾಡಿ, ಅಲ್ಲಿಂದ ಒಂದು ಸಂಸ್ಥೆಗೆ ಹೋಗಿ, ಕೊನೆಗೆ ಸಿಕ್ಕವರು ಈ ಕೇಸ್ ಮ್ಯಾನೇಜರ್. ಮೂರು ದಿನದಲ್ಲಿ ಬಾಕಿ ಕಟ್ಟಿ, ಇಲ್ಲ ಮನೆ ಬಿಡಿ ಅನ್ನುವ ನೋಟಿಸನ್ನು ಮಾಲೀಕರು ಬಾಗಿಲಿಗೆ ಅಂಟಿಸಿದ್ದರು. ನಾಲ್ಕನೇ ದಿನ ಸಾಮಾನು ಬೀದಿಗೆ ಬೀಳುತ್ತದೆ ಅಂತಲೇ ನಮ್ಮ ಭಯ. ಆ ಮೂರು ದಿನದಲ್ಲಿ ಶನಿವಾರ, ಭಾನುವಾರ, ಕೋರ್ಟ್ ರಜೆ ಲೆಕ್ಕಕ್ಕೆ ಬರಲ್ಲ ಅಂದರು. ಕೋರ್ಟ್ ಆದೇಶ ಇಲ್ಲದೆ ಯಾರೂ ಹೊರಗೆ ಹಾಕುವ ಹಾಗಿಲ್ಲ, ಹಾಕಿದರೂ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಅಧಿಕಾರಿ, ಬರಬೇಕು ಅಂದರು. ನೋಟಿಸಿನ ಫೋಟೋ ನೋಡಿ, ಬಾಡಿಗೆ ಬಾಕಿಯ ಜೊತೆ ಲೇಟ್ ಫೀ ಸೇರಿಸಿದ್ದನ್ನು ಹಿಡಿದರು. ಅದನ್ನು ಸೇರಿಸುವ ಹಾಗಿಲ್ಲವಂತೆ. "ನಾನು ವಕೀಲೆ ಅಲ್ಲ" ಅಂತ ಅವತ್ತೇ ಉಚಿತ ಕಾನೂನು ನೆರವು ಕೊಡುವ ಲೀಗಲ್ ಏಡ್‌ನವರ ಹತ್ತಿರ ಕಳಿಸಿದರು.

ಆದರೂ ಸಮನ್ಸ್ ಬಂತು. ಉತ್ತರ ಕೊಡಲು ಕೋರ್ಟ್ ನಡೆಯುವ 10 ದಿನ. 2025ಕ್ಕೆ ಮೊದಲು ಬರೀ 5 ಇತ್ತಂತೆ, ಹೇಗೆ ಮಾಡ್ತಿದ್ರೋ ಜನ! ಕೊನೆಯ ದಿನದ ಹಿಂದಿನ ರಾತ್ರಿ ನಮ್ಮ ಯಜಮಾನರಿಗೆ ಮತ್ತೆ ಕಾಯಿಲೆ ಜಾಸ್ತಿಯಾಯಿತು. ನಾನು ಅಡುಗೆಮನೆ ನೆಲದ ಮೇಲೆ ಕಾಗದ ಹರಡಿಕೊಂಡು ಕೂತಿದ್ದೆ. ಹೊರಗೆ ಯಾರೋ ನಡೆದರೂ ಎದೆ ಹೊಡೆದುಕೊಳ್ಳುತ್ತಿತ್ತು. ಸಾಕು, ಮಕ್ಕಳನ್ನು ಎಬ್ಬಿಸಿ ಕಾರಿನಲ್ಲಿ ಮಲಗಿಸಿಬಿಡೋಣ ಅನ್ನಿಸಿತ್ತು. ಇದನ್ನು ಇವರಿಗೂ ಹೇಳಿರಲಿಲ್ಲ.

ಕೇಸ್ ಮ್ಯಾನೇಜರ್ ಆಫೀಸ್ ಯಾವಾಗಲೋ ಮುಗಿದಿತ್ತು. ಆದರೂ ಮಧ್ಯರಾತ್ರಿ ದಾಟುವವರೆಗೆ ಫೋನ್ ಇಡಲಿಲ್ಲ. ಲೀಗಲ್ ಏಡ್‌ನವರು ಗುರುತು ಹಾಕಿಕೊಟ್ಟಿದ್ದ, ಕೇಸಿಗೆ ಉತ್ತರ ಕೊಡುವ ಯುಡಿ-105 ಫಾರಂ ಅನ್ನು ಸಾಲು ಸಾಲಾಗಿ ಓದಿಸಿದರು. ಕೋರ್ಟ್ ಫೀ ಮಾಫಿಗೆ ಬೇರೆ ಫಾರಂ ಇದೆ ಅಂತ ನೆನಪಿಸಿದರು. ನಡುವೆ ನನ್ನ ಮಾತು ನಿಂತುಹೋಯಿತು. "ಅಳು ಬಂದರೆ ಅತ್ತುಬಿಡಿ, ನಾನು ಇಲ್ಲೇ ಇದ್ದೀನಿ. ಆಮೇಲೆ ಮುಂದಿನ ಪುಟ ನೋಡೋಣ" ಅಂದರು. ಅತ್ತೆ. ಮುಂದಿನ ಪುಟ ನೋಡಿದೆವು.

ಬಾಡಿಗೆ ಸಹಾಯದ ದುಡ್ಡು ನೇರ ಮಾಲೀಕರಿಗೆ ಹೋಗುವಂಥದ್ದು. ಅದಕ್ಕೆ ಮಾಲೀಕರ ಕಡೆಯಿಂದ ಡಬ್ಲ್ಯೂ-9 ಅನ್ನುವ ತೆರಿಗೆ ನಂಬರಿನ ಫಾರಂ ಬೇಕು, ಅವರು ಕೊಡುತ್ತಿರಲಿಲ್ಲ. ಕೇಸ್ ಮ್ಯಾನೇಜರ್ ಬೆನ್ನು ಬಿಡದೆ ತರಿಸಿದರು. ಉಳಿದ ಬಾಕಿಗೆ ಕಂತು ಮಾಡಿಸಿದರು. ಸಹಾಯ ತೆಗೆದುಕೊಂಡರೆ ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತಾ ಅಂತ ನಮಗೆ ಒಳಗೊಳಗೇ ಹೆದರಿಕೆ. ಸುಮ್ನೆ "ಏನೂ ಆಗಲ್ಲ" ಅನ್ನಲಿಲ್ಲ ಅವರು. ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಮಾತಾಡಿಸಿ, ಆಮೇಲೆ ಅರ್ಜಿ ಹಾಕಿಸಿದರು.

ಈ ತಿಂಗಳ ಬಾಡಿಗೆ ನಾವೇ ಕಟ್ಟಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ಇಂಥ ನೋಟಿಸ್ ಬಂದರೆ ನಾಚಿಕೆ ಬೇಡ, ಅವತ್ತೇ 211ಕ್ಕೆ ಫೋನ್ ಮಾಡಿ. ಆಮೇಲೆ ನನಗೂ ಮಾಡಿ. ಲೀಸ್, ಬಾಡಿಗೆ ಕಟ್ಟಿದ ರಸೀದಿ, ಸಂಬಳದ ಚೀಟಿ ತೆಗೆದಿಟ್ಟುಕೊಳ್ಳಿ, ಬಂದು ಪಕ್ಕದಲ್ಲಿ ಕೂರುತ್ತೇನೆ.