ಲಿಂಬೆಯನ್ನು ಕೋಲ್ಡ್ ಸ್ಟೋರೇಜಿಗೆ ಹಾಕುವ ಮುಂಚೆ

ಕಲಬುರಗಿ

ಚಿ. ಮಲ್ಲಿಕಾರ್ಜುನನಿಗೆ ಕಾಕಾನ ಆಶೀರ್ವಾದಗಳು.

ಮಳೆಗಾಲದ ಲಿಂಬೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಬೇಸಿಗೆಗೆ ಮಾರಬೇಕು ಎಂದು ಬರೆದಿದ್ದೀ. ಆಗಸ್ಟಿನಲ್ಲಿ ಬೆಲೆ ಬೀಳುತ್ತದೆ, ಏಪ್ರಿಲ್‌ನಲ್ಲಿ ಏರುತ್ತದೆ, ಲೆಕ್ಕ ಚೆಂದ ಕಾಣುತ್ತದೆ. ಆದರೆ ಆ ಎಂಟು ತಿಂಗಳು ನಮ್ಮ ಕಾಯಿ ಬಾಳುವುದಿಲ್ಲ ಮಗಾ. ಲಿಂಬೆ ನಾಲ್ಕಾರು ತಿಂಗಳು ಇರುತ್ತದೆ ಎಂದು ನೀನು ಓದಿದ್ದು ದಪ್ಪ ಸಿಪ್ಪೆಯ ದೊಡ್ಡ ವಿದೇಶಿ ಲೆಮನ್ನಿನ ಮಾತು. ಅದನ್ನು 12-13 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮ ಅಫಜಲಪುರ, ಇಂಡಿ ಕಡೆಯದು ಕಾಗ್ಜಿ. ಹೆಸರೇ ಹೇಳುವಂತೆ ಕಾಗದದಷ್ಟು ತೆಳು ಸಿಪ್ಪೆ. ಎಲ್ಲ ಸರಿಯಾಗಿ ಮಾಡಿದರೂ ಆರರಿಂದ ಎಂಟು ವಾರ, ಅಷ್ಟೇ. ಆದ್ದರಿಂದ ಆಗಸ್ಟಿನ ಕಾಯಿ ಬಿಡು. ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದ ಕಾಯಿ ಇಟ್ಟು ಏಪ್ರಿಲ್‌ನಲ್ಲಿ ತೆಗೆಯುವ ಲೆಕ್ಕ ಹಾಕು. ಇಡುವ ದಿನವೇ ತೆಗೆಯುವ ತಾರೀಖನ್ನು ಕ್ರೇಟಿನ ಮೇಲೆ ಬರೆ.

ಕೋಣೆಯ ಕತೆ ಆಮೇಲೆ, ಗಿಡದಿಂದ ಶುರು ಮಾಡು. ಇಡುವ ಕಾಯಿ ಹಸಿರಾಗಿಯೇ ಇರಬೇಕು, ಆದರೆ ರಸ ತುಂಬಿ ಸಿಪ್ಪೆ ನುಣುಪಾಗಿರಬೇಕು. ಹಳದಿ ತಿರುಗಿದ್ದನ್ನು ಅಂದೇ ಅಡತಿಗೆ ಕಳಿಸು. ಬೆಳಗಿನ ಇಬ್ಬನಿ ಆರುವವರೆಗೆ ಕೀಳಿಸಬೇಡ. ನೀರು ಬಿಟ್ಟ ಮೇಲೆ, ಮಳೆ ಬಂದ ಮೇಲೆ ಎರಡು ಮೂರು ದಿನ ತಡೆ. ನೀರು ಕುಡಿದು ಬಿಗಿದ ಸಿಪ್ಪೆಯ ಎಣ್ಣೆಯ ಚೀಲಗಳು ಬೆರಳು ಒತ್ತಿದರೂ ಒಡೆಯುತ್ತವೆ. ಆ ಎಣ್ಣೆ ಸಿಪ್ಪೆಯನ್ನೇ ಸುಟ್ಟು, ಒಂದೆರಡು ದಿನದಲ್ಲಿ ಕಂದು ಕಲೆ ಬೀಳುತ್ತದೆ. ಜಗ್ಗಿ ಕಿತ್ತರೆ ತೊಟ್ಟಿನ ಜಾಗ ಹರಿಯುತ್ತದೆ, ಅಲ್ಲಿಂದಲೇ ಕೊಳೆ ಇಳಿಯುತ್ತದೆ. ಕತ್ತರಿಯಿಂದ ಕಾಯಿಗೆ ಸಮವಾಗಿ ತೊಟ್ಟು ಕತ್ತರಿಸಲಿ, ತೊಟ್ಟಿನ ಬಿಲ್ಲೆ ಕಾಯಿಯ ಮೇಲೇ ಉಳಿಯಲಿ. ಮುಳ್ಳು ತಾಗಿದ್ದು, ನೆಲಕ್ಕೆ ಬಿದ್ದದ್ದು ಒಂದೂ ಕೋಣೆಗೆ ಹೋಗಬಾರದು. ಹಸಿರು ಬೂಷ್ಟು ಗಾಯವಿಲ್ಲದೆ ಒಳಗೆ ಹೋಗಲಾರದು. ಗಾಯ ಸಿಕ್ಕರೆ ಒಂದು ಕಾಯಿಯ ಬೂಷ್ಟಿನ ಧೂಳು ಇಡೀ ಕೋಣೆಗೆ ಹರಡುತ್ತದೆ.

ಗೋಣಿಚೀಲ ಬೇಡವೇ ಬೇಡ. ತೂತಿರುವ ಪ್ಲಾಸ್ಟಿಕ್ ಕ್ರೇಟ್, ಒಂದಕ್ಕೆ 20 ಕೆಜಿ ಸಾಕು. ಕಾಯಿ ಕ್ರೇಟಿನ ಅಂಚಿಗಿಂತ ಮೇಲೆ ಬಂದರೆ ಮೇಲಿನ ಕ್ರೇಟ್ ಅದನ್ನು ಜಜ್ಜುತ್ತದೆ. ತೊಳೆಯುವ ನೀರಿಗೆ, 100 ಲೀಟರಿಗೆ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ 300 ಮಿಲಿ ಹಾಕಿದರೆ 150 ಪಿಪಿಎಂ ಕ್ಲೋರಿನ್ ಆಗುತ್ತದೆ. ಎರಡು ನಿಮಿಷ ಅದ್ದು. ಬೋರಿನ ನೀರು ಕ್ಷಾರವಾಗಿದ್ದರೆ ಕ್ಲೋರಿನ್ ಇದ್ದೂ ಇಲ್ಲದಂತೆ, ಅದಕ್ಕೆ ಹುಳಿ-ಕ್ಷಾರ ಅಳೆಯುವ ಪಿಎಚ್ ಪಟ್ಟಿ ಇಟ್ಟುಕೊಂಡು 6.5ರಿಂದ 7.5ರ ನಡುವೆ ತಾ. ಸ್ವಲ್ಪ ಸ್ವಲ್ಪ ಲಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದರೆ ಇಳಿಯುತ್ತದೆ. ಒಮ್ಮೆಗೇ ಸುರಿಯಬೇಡ; ನೀರು ಹೆಚ್ಚು ಹುಳಿಯಾದರೆ ಕ್ಲೋರಿನ್ ಗಾಳಿಗೆ ಎದ್ದು ಆಳುಗಳ ಎದೆ ಉರಿಯುತ್ತದೆ. ಮಣ್ಣು ಬೆರೆತ ನೀರು ಚೆಲ್ಲಿ ಹೊಸದು ಹಾಕು. ತೊಳೆದದ್ದು ಪೂರ್ತಿ ಆರಬೇಕು. ಒಂದು ರಾತ್ರಿ ನೆರಳಿನಲ್ಲಿಟ್ಟು ಬೆಳಿಗ್ಗೆ ಮತ್ತೆ ನೋಡಿ ಕೆಟ್ಟದ್ದನ್ನು ಬೇರೆ ಮಾಡು. ಹಿಂದಿನ ದಿನ ಕಾಣದ ಪೆಟ್ಟು ಅಷ್ಟರಲ್ಲಿ ಕಾಣುತ್ತದೆ.

ಈಗ ಕೋಣೆ. ತಾಪ 9ರಿಂದ 10 ಡಿಗ್ರಿ, ತೇವಾಂಶ 85ರಿಂದ 90 ಶೇಕಡಾ. ಇನ್ನೂ ತಣ್ಣಗಿಟ್ಟರೆ ಹೆಚ್ಚು ದಿನ ಬರುತ್ತದೆ ಎನ್ನುವವರ ಮಾತು ಕೇಳಬೇಡ. 5-6 ಡಿಗ್ರಿಯಲ್ಲಿ ವಾರಗಟ್ಟಲೆ ಇದ್ದ ಲಿಂಬೆಗೆ ಚಳಿಯ ಪೆಟ್ಟು ಬೀಳುತ್ತದೆ. ಒಳಗಿರುವಾಗ ಹಸಿರಾಗಿ ಚೆಂದ ಕಾಣುತ್ತದೆ. ಹೊರಗೆ ಬಂದ ಎರಡು ಮೂರು ದಿನಕ್ಕೆ ಸಿಪ್ಪೆಯಲ್ಲಿ ಕುಳಿ ಬಿದ್ದು ಕಂದಾಗುತ್ತದೆ. ಆಗ ಮಾಲು ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಇರುತ್ತದೆ, ದೂರು ನಿನಗೆ ಬರುತ್ತದೆ. ಹುಣಸೆ, ಒಣ ಮೆಣಸಿನಕಾಯಿ ಇಡುವ ಕೋಣೆಯ ಮೂಲೆಯಲ್ಲಿ ಜಾಗ ಕೊಡುತ್ತೇವೆಂದರೆ ಒಪ್ಪಬೇಡ. ಅವಕ್ಕೆ ಬೇಕಾದ್ದು ಒಣ ಹವೆ, ಅದು ಲಿಂಬೆಯ ರಸ ಹೀರುತ್ತದೆ. ಮಾವು, ಬಾಳೆ ಹಣ್ಣಾಗುವ ಕೋಣೆಯೂ ಬೇಡ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಲಿಂಬೆ ಬೇಗ ಹಳದಿಯಾಗಿ ತೊಟ್ಟು ಕಳಚುತ್ತದೆ.

ತೇವಾಂಶ ನೆಲಕ್ಕೆ ನೀರು ಚೆಲ್ಲಿದರೆ ನಿಲ್ಲುವುದಿಲ್ಲ. ಗಾಳಿ ತಣಿಸುವ ಕೊಳವೆಯ ಸುರುಳಿ, ಅಂದರೆ ಕೂಲಿಂಗ್ ಕಾಯಿಲ್, ಕೋಣೆಗಿಂತ ಬಹಳ ತಣ್ಣಗಿದ್ದರೆ ಗಾಳಿಯ ತೇವವೆಲ್ಲ ಅದರ ಮೇಲೆ ನೀರಾಗಿ ಸುರಿದು ಮೋರಿಗೆ ಹೋಗುತ್ತದೆ. ದೊಡ್ಡ ಕಾಯಿಲ್ ಹಾಕಿಸಿ ಎರಡು ಮೂರು ಡಿಗ್ರಿ ವ್ಯತ್ಯಾಸದಲ್ಲೇ ನಡೆಸಬೇಕು, ಕೊರತೆಯಾದದ್ದನ್ನು ಮಂಜು ಬಿಡುವ ಯಂತ್ರ ತುಂಬಲಿ. ಇದರಲ್ಲಿ ದುಡ್ಡು ಉಳಿಸಿದರೆ ತೂಕದಲ್ಲಿ ಕಳೆದುಕೊಳ್ಳುತ್ತೀ: 100 ಕ್ರೇಟಿನ 2,000 ಕೆಜಿಯಲ್ಲಿ 5 ಶೇಕಡಾ ಒಣಗಿದರೆ ಐದು ಕ್ರೇಟ್ ಗಾಳಿಗೆ ಹೋದಂತೆ.

ಒಂದು ಟನ್ ಕಾಯಿಯನ್ನು 35ರಿಂದ 10 ಡಿಗ್ರಿಗೆ ಇಳಿಸಲು ಸುಮಾರು 26 ಯೂನಿಟ್ಟಿನಷ್ಟು ಶಾಖ ತೆಗೆಯಬೇಕು. ಅದಕ್ಕೇ ಒಂದೇ ದಿನ ಕೋಣೆ ತುಂಬಬೇಡ, ದಿನಕ್ಕೆ ಹತ್ತನೇ ಒಂದು ಪಾಲು ಹಾಕು. ಇಲ್ಲವಾದರೆ ಮೊದಲು ಇಟ್ಟ ಕಾಯಿಯೂ ಬಿಸಿಯಾಗಿ ಬೆವರುತ್ತದೆ. ಗೋಡೆಯಿಂದ ಗೇಣಷ್ಟು ದೂರ ಇರಲಿ, ಕೆಳಗೆ ಪ್ಯಾಲೆಟ್, ಮೇಲೆ ಫ್ಯಾನಿನ ಗಾಳಿಗೆ ದಾರಿ. ಗೋಡೆಯ ಮೀಟರ್ ಒಂದನ್ನೇ ನಂಬಬೇಡ, ನಡುವಿನ ಸಾಲಿನ ಕಾಯಿಗೆ ಥರ್ಮಾಮೀಟರ್ ಚುಚ್ಚಿ ನೋಡು, ಆ ಕಾಯಿ ಎಸೆ.

ವಾರಕ್ಕೊಮ್ಮೆ ಬೇರೆ ಬೇರೆ ಮೂಲೆಯ ಕ್ರೇಟ್ ತೆರೆ. ಬೂಷ್ಟು ಬಂದ ಕಾಯಿಯನ್ನು ಅಲ್ಲಾಡಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಹೊರಗೊಯ್ದು ಹೂಳು. ನೀರು ಸೋರಿ ಹುಳಿ ವಾಸನೆ ಬಂದರೆ ಅದು ಬೇರೆ ಕೊಳೆ, ತಾಗಿದ ಕಾಯಿಗೆಲ್ಲ ಹತ್ತುತ್ತದೆ. ಆ ಕ್ರೇಟನ್ನೇ ಹೊರಗೆ ತೆಗೆ. ತೊಟ್ಟು ಕಪ್ಪಾಗಿ ಉದುರತೊಡಗಿದರೆ ತಾರೀಖಿಗೆ ಕಾಯಬೇಡ, ಬೆಲೆ ಏನೇ ಇರಲಿ ಮಾರು.

ತೆಗೆಯುವುದು ರಾತ್ರಿ. 42 ಡಿಗ್ರಿ ಬಿಸಿಲಿಗೆ 10 ಡಿಗ್ರಿಯ ಕಾಯಿ ಬಂದರೆ ಅದರ ಮೇಲೆ ನೀರು ಕಟ್ಟುತ್ತದೆ, ಒದ್ದೆ ಕಾಯಿ ಲಾರಿಯಲ್ಲೇ ಕೊಳೆಯುತ್ತದೆ. 18-20 ಡಿಗ್ರಿಯ ಮುಂಗೋಣೆಯಲ್ಲಿ ಕೆಲವು ಗಂಟೆ ಇಟ್ಟು, ಒಣಗಿದ್ದು ನೋಡಿ, ತಂಪು ಹೊತ್ತಿನಲ್ಲಿ ಸಾಗಿಸು. ಒಮ್ಮೆ ಹೊರಗೆ ಬಂದದ್ದನ್ನು ಮತ್ತೆ ಒಳಗೆ ಇಡಬೇಡ.

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಜನರೇಟರ್ ಚಾಲೂ ಮಾಡಿಸಿ ನೋಡು. ಕೋಣೆಯ ನಾಲ್ಕು ಮೂಲೆಗಳಲ್ಲಿ ಒಂದು ಹಗಲು ಒಂದು ರಾತ್ರಿ ತಾಪ ಬರೆದಿಡು. ಮೂಲೆಗೂ ಮೂಲೆಗೂ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಆ ಕೋಣೆ ಬೇಡ. ಆ ಬರಹ ನನಗೂ ಕಳಿಸು, ನೋಡಿ ಹೇಳುತ್ತೇನೆ.

ಮನೆಯವರಿಗೆಲ್ಲ ಶರಣಾರ್ಥಿ ತಿಳಿಸು.

ನಿನ್ನ ಕಾಕಾ